ಪೌರತ್ವ ಇಲ್ಲದ ನನಗೂ ಒಂದು ಮತಚೀಟಿ

ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ನಾವು ಬಂದು ಆಗ ಮೂರು ವರ್ಷ ಆಗಿತ್ತು. ಒಂದು ಸಂಜೆ ಮಗಳನ್ನು ಕರೆದುಕೊಂಡು ಲೈಬ್ರರಿಗೆ ಹೋಗಿದ್ದೆ. ಬಾಗಿಲ ಪಕ್ಕ ಒಬ್ಬ ಹೆಂಗಸು ಮೇಜು ಹಾಕಿಕೊಂಡು ಕೂತಿದ್ದರು. ನಮ್ಮ ಏರಿಯಾಗೆ ಏನು ಬೇಕು, ಬರೆದು ಕೊಡಿ ಅಂದರು. ನಾನು ವೀಸಾದ ಮೇಲೆ ಇರುವವಳು, ಇಲ್ಲಿ ನನಗೆ ಓಟಿಲ್ಲ ಅಂದೆ. "ಇದಕ್ಕೆ ಪೌರತ್ವ ಬೇಡ. ಇಲ್ಲಿ ವಾಸ ಇದ್ದರೆ ಸಾಕು" ಅಂದರು.

ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿತು. ಇಲ್ಲಿನ ಸಂಬಳದ ಚೀಟಿಯಲ್ಲಿ ದೇಶದ ತೆರಿಗೆ, ರಾಜ್ಯದ ತೆರಿಗೆ ಕಳೆದ ಮೇಲೆ ನ್ಯೂಯಾರ್ಕ್ ನಗರದ ಆದಾಯ ತೆರಿಗೆ ಅಂತ ಇನ್ನೊಂದು ಸಾಲು ಇರುತ್ತದೆ. ಕಟ್ಟುವಾಗ ನಾನು ಈ ಊರಿನವಳೇ. ಖರ್ಚಿನ ವಿಷಯಕ್ಕೆ ಮಾತ್ರ ಯಾರೂ ನನ್ನನ್ನು ಕೇಳಿರಲಿಲ್ಲ.

ಆ ಮೇಜಿನ ಹಿಂದೆ ಇದ್ದದ್ದು, ನಗರದ ಹಣದ ಒಂದು ಪಾಲು ಯಾವುದಕ್ಕೆ ಅಂತ ಜನರೇ ಓಟು ಹಾಕಿ ಹೇಳುವ ಪದ್ಧತಿ. ಅದಕ್ಕೆ ಪಾರ್ಟಿಸಿಪೇಟರಿ ಬಜೆಟಿಂಗ್ ಅಂತ ಹೆಸರು. ಎಲ್ಲರ ಬಾಯಲ್ಲೂ ಪಿಬಿ. ನಗರದ ಕೌನ್ಸಿಲ್‌ನಲ್ಲಿ 51 ಸದಸ್ಯರಿದ್ದಾರೆ, ನಾವು ಕಾರ್ಪೊರೇಟರ್ ಅಂತೀವಲ್ಲ, ಅಂಥವರು. ಅವರವರ ಕ್ಷೇತ್ರದ ಕಾಮಗಾರಿಗೆ ಅವರ ಕೈಯಲ್ಲಿ ಒಂದಿಷ್ಟು ಹಣ ಇರುತ್ತದೆ. ಅದರಲ್ಲಿ ಒಬ್ಬೊಬ್ಬರೂ ಕನಿಷ್ಠ 10 ಲಕ್ಷ ಡಾಲರ್ ತೆಗೆದಿಟ್ಟು, ಯಾವುದಕ್ಕೆ ಅಂತ ಜನರೇ ಹೇಳಲಿ ಎಂದು 2011ರಲ್ಲಿ ನಾಲ್ಕು ಸದಸ್ಯರು ಶುರು ಮಾಡಿದರು. ಆಮೇಲೆ ಬೇರೆಯವರೂ ಸೇರಿಕೊಂಡರು. ಆದರೆ ಸೇರಲೇಬೇಕು ಅಂತ ಕಾನೂನೇನೂ ಇಲ್ಲ. ನಮ್ಮ ಸದಸ್ಯರು ಸೇರಿದ್ದು ನಮ್ಮ ಅದೃಷ್ಟ.

ನಾನು ಬರೆದದ್ದು ಬಸ್ ಸ್ಟಾಪಿನ ಬೋರ್ಡು. ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ತೋರಿಸುತ್ತದಲ್ಲ, ಅದು. ಜನವರಿ ಚಳಿಯಲ್ಲಿ ಕೈಗವಸು ತೆಗೆದು ಫೋನ್ ನೋಡುವ ಕಷ್ಟ ನಿಂತವರಿಗೇ ಗೊತ್ತು. ಬರೆದು ಕೊಟ್ಟು ಬಂದರೆ ಮುಗಿಯಿತು ಅಂದುಕೊಂಡಿದ್ದೆ. ಎರಡು ವಾರ ಬಿಟ್ಟು ಫೋನ್ ಬಂತು. ಬಜೆಟ್ ಡೆಲಿಗೇಟ್ ಆಗ್ತೀರಾ ಅಂತ. ಅಂದರೆ ಬಂದ ಸಲಹೆಗಳನ್ನೆಲ್ಲ ಜರಡಿ ಹಿಡಿದು, ಮತಚೀಟಿಗೆ ಏರುವ ಹಾಗೆ ಮಾಡುವ ಕೆಲಸ. ಸಂಬಳ ಇಲ್ಲ. ಚಳಿಗಾಲ ಪೂರ್ತಿ ಸಂಜೆ ಸಭೆ. ಹೂಂ ಅಂದುಬಿಟ್ಟೆ.

ಮೊದಲ ಸಭೆಯಲ್ಲೇ ಒಬ್ಬ ಅಜ್ಜಿ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸ್ ಬೇಕು ಅಂತ ಕೇಳಿದರು. ಮೊಮ್ಮಗಳು ಬಂಗಾಳಿಯಿಂದ ಅನುವಾದ ಮಾಡಿ ಹೇಳಿದಳು. ಆಗಲ್ಲ ಅನ್ನಬೇಕಾಯಿತು. ಈ ಹಣ ಕಟ್ಟಡ ಕೆಲಸಕ್ಕೆ, ರಿಪೇರಿಗೆ, ಸಾಮಾನಿಗೆ ಮಾತ್ರ. ಕೆಲಸದ ಬೆಲೆ ಕನಿಷ್ಠ 50,000 ಡಾಲರ್ ಇರಬೇಕು, ಕನಿಷ್ಠ ಐದು ವರ್ಷ ಬಾಳಿಕೆ ಬರಬೇಕು. ಮೇಷ್ಟರ ಸಂಬಳಕ್ಕೆ ಬರಲ್ಲ. ಅಜ್ಜಿ ಸರಿ ಅಂತ ತಲೆಯಾಡಿಸಿದರು. ಮುಂದಿನ ಸಭೆಗೆ ಬರಲಿಲ್ಲ. ಅದು ನನಗೆ ಇವತ್ತಿಗೂ ಬೇಜಾರು. ಈಗ ಇಡೀ ನಗರಕ್ಕೆ ದಿ ಪೀಪಲ್ಸ್ ಮನಿ ಅಂತ ಇನ್ನೊಂದು ಯೋಜನೆ ಬಂದಿದೆ. ಅದರಲ್ಲಿ ಕ್ಲಾಸು, ತರಬೇತಿಗೂ ಹಣ ಸಿಗುತ್ತದೆ. ಆಗಲೇ ಇದ್ದಿದ್ದರೆ ಅಜ್ಜಿಯನ್ನು ಸುಮ್ನೆ ಕಳಿಸಬೇಕಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಶಾಲೆ ನೋಡಲು ಹೋದೆವು. ಹಳೇ ಇಟ್ಟಿಗೆ ಕಟ್ಟಡ. ಎರಡನೇ ಮಹಡಿಯಲ್ಲಿ ಹುಡುಗಿಯರ ಶೌಚಾಲಯ. ಒಳಗಿನ ನಾಲ್ಕು ಕೋಣೆಗಳಲ್ಲಿ ಎರಡಕ್ಕೆ ಬಾಗಿಲೇ ಇಲ್ಲ. ಮೂರನೆಯದಕ್ಕೆ ಬಾಗಿಲಿದೆ, ಚಿಲಕವಿಲ್ಲ. ಚಿಲಕ ಇದ್ದ ಜಾಗದಲ್ಲಿ ತೂತು, ಅದರೊಳಗೆ ಟಿಶ್ಯೂ ಮಡಚಿ ತುರುಕಿದ್ದರು. ಬಾಗಿಲಿಲ್ಲದ ಕಡೆ ಏನು ಮಾಡ್ತೀರಿ ಅಂತ ಕೇಳಿದೆ. ಗೆಳತಿ ಹೊರಗೆ ಜಾಕೆಟ್ ಅಗಲಿಸಿ ಹಿಡಿದು ನಿಲ್ಲುತ್ತಾಳೆ ಅಂದಳು ಒಬ್ಬಳು. "ಅದಕ್ಕೇ ನಾನು ಶಾಲೆಯಲ್ಲಿ ನೀರು ಕುಡಿಯಲ್ಲ" ಅಂದಳು ಇನ್ನೊಬ್ಬಳು. ಹನ್ನೊಂದು ವರ್ಷದ ಹುಡುಗಿ, ನನ್ನ ಮಗಳ ವಾರಿಗೆ.

ಅಲ್ಲಿಂದ ಬಂದ ಮೇಲೆ ನನ್ನ ಬೋರ್ಡಿಗಾಗಿ ವಾದ ಮಾಡಲು ಬಾಯಿ ಬರಲಿಲ್ಲ. ಹಾಗಂತ ಅದನ್ನು ಕೈಬಿಡಲೂ ಇಲ್ಲ. ಎರಡೂ ಮತಚೀಟಿಗೆ ಹೋದವು. ಶೌಚಾಲಯದ ಅಂದಾಜು ವೆಚ್ಚ ಇಲಾಖೆಯಿಂದ ಬಂದಾಗ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ನಾಲ್ಕು ಬಾಗಿಲಿಗೆ ಇಷ್ಟಾ? ಆಮೇಲೆ ಗೊತ್ತಾಯಿತು, ಗೋಡೆ ಮುಟ್ಟಿದರೆ ಹಳೇ ಪೈಪು ಬದಲಿಸಬೇಕು, ಗಾಲಿಕುರ್ಚಿ ಹೋಗುವಷ್ಟು ಜಾಗ ಮಾಡಬೇಕು. ನಗರದ ಹಣ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಅರ್ಥವಾಗಿದ್ದು ಆ ಒಂದು ಹಾಳೆಯಿಂದ.

ವಸಂತದಲ್ಲಿ ಮತದಾನ. ಒಂದು ದಿನ ಅಲ್ಲ, ಒಂದು ವಾರಕ್ಕೂ ಜಾಸ್ತಿ. ನಾವು ರೈಲು ನಿಲ್ದಾಣದ ಮೆಟ್ಟಿಲ ಹತ್ತಿರ ಪೆಟ್ಟಿಗೆ ಇಟ್ಟುಕೊಂಡು ನಿಂತೆವು. ಕೆಲಸ ಮುಗಿಸಿ ಬರುತ್ತಿದ್ದ ಒಬ್ಬ ಹುಡುಗ, ಬೂಟಿನ ತುಂಬ ಸಿಮೆಂಟು, ತನ್ನ ಹತ್ತಿರ ಕಾಗದಪತ್ರ ಇಲ್ಲ ಅಂತ ಮೆತ್ತಗೆ ಹೇಳಿದ. ನಾನು ಲೈಬ್ರರಿಯಲ್ಲಿ ಕೇಳಿಸಿಕೊಂಡ ಮಾತನ್ನೇ ಅವನಿಗೆ ಹೇಳಿದೆ. ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದು, ಒಂದೊಂದೇ ಸಾಲು ಓದಿ ಗುರುತು ಹಾಕಿದ. 11 ತುಂಬಿದ ಮಕ್ಕಳಿಗೂ ಮತ ಇದೆ. ನನ್ನ ಮಗಳು ಏನು ಹಾಕಿದಳೋ, ಕೈ ಮರೆಮಾಡಿ ಬರೆದಳು. "ಅಮ್ಮಾ, ಕೇಳಬಾರದು" ಅಂದಳು.

ಕೊರತೆ ಬಹಳ ಇದೆ. ಈ ನಗರದ ಬಜೆಟ್ 10,000 ಕೋಟಿ ಡಾಲರ್ ದಾಟಿದೆ. ಅದರ ಮುಂದೆ ನಮ್ಮ 10 ಲಕ್ಷ ಯಾವ ಲೆಕ್ಕ? ಜನರನ್ನು ಹೆಚ್ಚು ಸೇರಿಸಬಲ್ಲ ಶಾಲೆಗೆ ಹೆಚ್ಚು ಮತ. ಎರಡು ಪಾಳಿ ದುಡಿಯುವ ತಂದೆತಾಯಿಯ ಮಕ್ಕಳು ಓದುವ ಶಾಲೆಗೆ ಆ ಬಲ ಎಲ್ಲಿಂದ ಬರಬೇಕು? ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಲ್ಲಿ ಈ ಪದ್ಧತಿ ಹುಟ್ಟಿದಾಗ, ಕೊರತೆ ಜಾಸ್ತಿ ಇರುವ ಬಡಾವಣೆಗೆ ಜಾಸ್ತಿ ಪಾಲು ಅಂತ ಲೆಕ್ಕದಲ್ಲೇ ಸೇರಿಸಿದ್ದರು. ನೀರು, ಒಳಚರಂಡಿ ಬಡವರ ಕೇರಿಗೆ ಹೋಗಿದ್ದು ಹಾಗೆ. ಇಲ್ಲೂ ಅದು ಬರಬೇಕು. ಪ್ರತಿ ಸಭೆಯಲ್ಲೂ ನಾನು ಇದನ್ನು ಎತ್ತುತ್ತೇನೆ.

ಆ ವರ್ಷ ಶೌಚಾಲಯ ಗೆದ್ದಿತು. ನನ್ನ ಬೋರ್ಡು ಸೋತಿತು. ಗೆದ್ದ ಮೇಲೂ ನಕ್ಷೆ, ಟೆಂಡರ್, ಬೇಸಿಗೆ ರಜೆಗೆ ಕಾಯುವುದು ಅಂತ ಮೂರು ವರ್ಷ ಹಿಡಿಯಿತು. ಬಾಗಿಲು ಬರುವಷ್ಟರಲ್ಲಿ ನೀರು ಕುಡಿಯಲ್ಲ ಅಂದಿದ್ದ ಹುಡುಗಿ ಹೈಸ್ಕೂಲ್ ಸೇರಿದ್ದಳು. ಅವಳ ತಂಗಿ ಈಗ ಅದೇ ಶಾಲೆಯಲ್ಲಿದ್ದಾಳೆ. ಮೊನ್ನೆ ಒಳಗೆ ಹೋಗಿ ನಾಲ್ಕೂ ಚಿಲಕ ಹಾಕಿ, ತೆಗೆದು ನೋಡಿ ಬಂದೆ.