ಮೊದಲು ಬಸ್ಸಿನ ಟೈಮ್ ಕೇಳಿ

ನಾನು ತಾಲ್ಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ಆಪ್ತ ಸಮಾಲೋಚಕಿ. 10ರಿಂದ 19 ವರ್ಷದವರು ಬರುತ್ತಾರೆ, ಅದರಲ್ಲಿ ಪಿಯುಸಿ ಹುಡುಗಿಯರೇ ಜಾಸ್ತಿ. ಸುಸ್ತು, ತಲೆಸುತ್ತು, ಓದಿದ್ದು ತಲೆಗೆ ಹತ್ತಲ್ಲ. ಹಿಮೋಗ್ಲೋಬಿನ್ ನೋಡಿದರೆ 9, 10. ಕನಿಷ್ಠ 12 ಇರಬೇಕು. ಇದು ನಮ್ಮ ತಾಲ್ಲೂಕಿನ ಕಥೆ ಮಾತ್ರ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರ ಪೈಕಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ.

ಜೊತೆಗೆ ಬಂದ ಅಮ್ಮ ಹೇಳುವುದು ಒಂದೇ ಮಾತು. "ಬರೀ ಮೊಬೈಲು, ಚಿಪ್ಸು. ಮನೆ ಊಟ ಸೇರಲ್ಲ ಮೇಡಂ." ಮಗಳು ತಲೆ ತಗ್ಗಿಸಿರುತ್ತಾಳೆ. ಆಗ ನಾವೂ ಸೊಪ್ಪು ತಿನ್ನು, ಕಾಳು ತಿನ್ನು ಅಂತ ಶುರು ಮಾಡಿದರೆ ಅವಳು ಹೂಂ ಅಂದು ಎದ್ದು ಹೋಗುತ್ತಾಳೆ, ಅಷ್ಟೇ. ಈ ಕೆಲಸ ನನಗೆ ಕಲಿಸಿದ್ದು ಇದು: ಮೊದಲು ಕೇಳಬೇಕಾದದ್ದು "ನಿನ್ನ ಬಸ್ಸು ಎಷ್ಟು ಗಂಟೆಗಮ್ಮಾ?"

ಅಲ್ಲಿಂದ ಎಲ್ಲಾ ಬಿಚ್ಚಿಕೊಳ್ಳುತ್ತದೆ. ಏಳು ಗಂಟೆ ಬಸ್ಸು ತಪ್ಪಿದರೆ ಫಸ್ಟ್ ಪೀರಿಯಡ್ ಹೋಯ್ತು, ಹಾಗಾಗಿ ಖಾಲಿ ಹೊಟ್ಟೆಗೆ ಒಂದು ಟೀ, ಎರಡು ಬಿಸ್ಕತ್ತು, ಹನ್ನೊಂದಕ್ಕೆ ಕಾಲೇಜಿನ ಹೊರಗೆ ಪಫ್ಸು ಇಲ್ಲಾ ಬೋಂಡ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇತ್ತು, ಮೊಟ್ಟೆ ಇತ್ತು. ಈಗ ಬೆಳಗ್ಗೆ ಕಟ್ಟಿದ ಚಿತ್ರಾನ್ನ ಮಧ್ಯಾಹ್ನಕ್ಕೆ ತಣ್ಣಗಾಗಿರುತ್ತದೆ, ಅರ್ಧ ವಾಪಸ್ ಬರುತ್ತದೆ. ಇನ್ನು ನೀರು. ಕಾಲೇಜಿನ ಶೌಚಾಲಯಕ್ಕೆ ಹೋಗಲು ಆಗುವುದಿಲ್ಲ ಅಂತ ಎಷ್ಟೋ ಹುಡುಗಿಯರು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ, ಆಮೇಲೆ ಉರಿಮೂತ್ರ ಅಂತ ಬರುತ್ತಾರೆ. ಇದನ್ನು ಅಭ್ಯಾಸ ಅಂತ ಬೈದರೆ ಹೇಗೆ ಹೇಳಿ?

ನಿದ್ದೆಯದ್ದೂ ಹೀಗೇ. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಆದರೆ ಇದೇ ವಯಸ್ಸಿನಲ್ಲಿ ನಿದ್ದೆ ಬರೋ ಹೊತ್ತು ತಾನಾಗೇ ಮುಂದೆ ಹೋಗುತ್ತದೆ. ಮೊಬೈಲು ಅದನ್ನು ಇನ್ನಷ್ಟು ತಳ್ಳುತ್ತದೆ, ನಿಜ. ಆದರೆ ಕಾಲೇಜಿನ ನೋಟ್ಸೂ ಅದರಲ್ಲೇ ಬರುತ್ತಲ್ವಾ?

ಹಾಗಾಗಿ ನಾನು ದೊಡ್ಡ ಪಟ್ಟಿ ಕೊಡುವುದಿಲ್ಲ, ಅವಳ ದಿನದೊಳಗೆ ಕೂರುವಂಥದ್ದು ಒಂದೆರಡು ಹೇಳುತ್ತೇನೆ. ಹುರಿಹಿಟ್ಟಿಗೆ ಬೆಲ್ಲ, ಹಾಲು ಕಲಸಿ ತಿನ್ನಲು ಐದು ನಿಮಿಷ ಸಾಕು. ಬ್ಯಾಗಿನಲ್ಲಿ ಕಡಲೆಮಿಠಾಯಿ, ಸೀಬೆಹಣ್ಣು. ಡಾಕ್ಟರ್ ಬರೆದುಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿ, ಹೊಟ್ಟೆ ತೊಳೆಸಿ, ಬಿಟ್ಟೇಬಿಟ್ಟವರು ತುಂಬಾ ಜನ. ರಾತ್ರಿ ಊಟ ಆದಮೇಲೆ ನುಂಗಲಿ. ಜೊತೆಗೆ ಟೀ, ಕಾಫಿ ಬೇಡ, ಕಬ್ಬಿಣಾಂಶ ಮೈಗೆ ಹತ್ತಲು ಅದು ಬಿಡುವುದಿಲ್ಲ, ಒಂದು ಗಂಟೆಯಾದರೂ ಅಂತರ ಇರಲಿ. ನಿಂಬೆಹಣ್ಣು, ನೆಲ್ಲಿಕಾಯಿ ಒಳ್ಳೆಯದು. ಮಲ ಕಪ್ಪಗೆ ಹೋದರೆ ಗಾಬರಿ ಬೇಡ, ಮಾತ್ರೆಯಿಂದ ಹಾಗಾಗುತ್ತದೆ. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಹುಡುಗಿಯರು ಇದನ್ನು ಯಾರ ಹತ್ತಿರವೂ ಹೇಳದೆ ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಿಮೋಗ್ಲೋಬಿನ್ 12 ದಾಟಿತು ಅಂತಲೂ ನಿಲ್ಲಿಸಬೇಡಿ. ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ತುಂಬಲು ಇನ್ನೂ ಸಮಯ ಬೇಕು, ಡಾಕ್ಟರ್ ಸಾಕು ಅನ್ನುವವರೆಗೆ ನುಂಗಲಿ.