ಬಿಸ್ಕತ್ ಫ್ಯಾಕ್ಟರಿಯಲ್ಲಿ ಮಗ್ಗದ ಸಪ್ಪಳ

ಫ್ರಾನ್ಸಿನ ನಾಂತ್ ಊರಿಗೆ ಬಂದ ಹೊಸದು. ಸ್ಟೇಷನ್ ದಾಟಿ ಕಾಲುವೆ ಕಡೆ ನಡೆದರೆ ತೇರಿನ ಕಳಸದ ಹಾಗೆ ಸಿಂಗಾರಗೊಂಡ ಗೋಪುರವೊಂದು ಕಾಣುತ್ತಿತ್ತು. ಚರ್ಚ್ ಇರಬೇಕು ಅಂದುಕೊಂಡಿದ್ದೆ. ಅದು ಬಿಸ್ಕತ್ ಫ್ಯಾಕ್ಟರಿಯದಂತೆ!

ಲೆಫೆವ್ರ್-ಯುಟಿಲ್ ಅಂತ ಕಂಪನಿ. 1886ರಲ್ಲಿ ಇವರು ತಂದ 'ಪೆಟಿ ಬರ್' ಇಲ್ಲಿಯವರಿಗೆ ನಮ್ಮ ಪಾರ್ಲೆ-ಜಿ ಇದ್ದ ಹಾಗೆ. ಮೊದಲು ನಾಲ್ಕು ಮೂಲೆ ಕಡಿಯಬೇಕು, ಉಳಿದದ್ದು ಆಮೇಲೆ. 1986ರಲ್ಲಿ ಕಂಪನಿ ಊರ ಹೊರಗೆ ಹೋಯಿತು. 2000ದ ಜನವರಿ 1ಕ್ಕೆ ಅದೇ ಕಟ್ಟಡ ಕಲಾಕೇಂದ್ರವಾಗಿ ಬಾಗಿಲು ತೆರೆಯಿತು. ಹೆಸರು 'ಲಿಯು ಯುನಿಕ್', ಅಂದರೆ ಇಂಥದ್ದು ಇನ್ನೊಂದಿಲ್ಲ ಅನ್ನುವ ಜಾಗ. ಜಾಣತನ ನೋಡಿ, ಬಿಸ್ಕತ್ತಿನ ಮೇಲಿದ್ದ ಎಲ್, ಯು ಎರಡೂ ಅಕ್ಷರ ಹೊಸ ಹೆಸರಲ್ಲೂ ಉಳಿದವು. ಆರ್ಕಿಟೆಕ್ಟ್ ಪ್ಯಾಟ್ರಿಕ್ ಬುಶಾಂ ಗೋಡೆಗಳನ್ನು ನುಣ್ಣಗೆ ಮಾಡಲು ಹೋಗಲಿಲ್ಲ. ಫ್ಯಾಕ್ಟರಿ ಫ್ಯಾಕ್ಟರಿಯಂತೆಯೇ ಕಾಣುತ್ತದೆ.

ನಮ್ಮ ಹುಬ್ಬಳ್ಳಿಯಲ್ಲಿ ಗಿರಣಿ ಚಾಳ ಅಂತ ಹೆಸರು ಉಳಿದಿದೆ. ಅಪ್ಪ ದುಡಿದ ಬಟ್ಟೆ ಗಿರಣಿಯ ಭೋಂಗಾ ನಿಂತು ಎಷ್ಟೋ ವರ್ಷವಾಯಿತು.

ಕಳೆದ ತಿಂಗಳು ಗೆಳೆಯನೊಬ್ಬ ಲಿಯು ಯುನಿಕ್‌ಗೆ ಕಛೇರಿ ಕೇಳಲು ಎಳೆದುಕೊಂಡು ಹೋದ. ಧಾರವಾಡದ ಪಕ್ಕದಲ್ಲೇ ಹುಟ್ಟಿಯೂ ನನಗೆ ಸಂಗೀತ ಅಷ್ಟಕ್ಕಷ್ಟೆ. ಇಲ್ಲಿ ರಾಗವೂ ಇಲ್ಲ, ತಾಳವೂ ಇಲ್ಲ. ಇಬ್ಬರು ತಗಡಿನ ಹಾಳೆಗೆ ಮೈಕ್ ಕಟ್ಟಿ, ಪುಟ್ಟ ಮೋಟಾರು ತಾಗಿಸಿ ನಲವತ್ತು ನಿಮಿಷ ಕಟಕಟ ಅನ್ನಿಸಿದರು. ಪಕ್ಕದ ಅಜ್ಜಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ನಾನು ಸುಮ್ನೆ ಎರಡು ನಿಮಿಷ ರೆಕಾರ್ಡ್ ಮಾಡಿ ಅಪ್ಪನಿಗೆ ವಾಟ್ಸಾಪ್ ಕಳಿಸಿದೆ.

ಭಾನುವಾರ ಫೋನ್ ಬಂತು. ಅಪ್ಪನ ಕಿವಿ ಅರ್ಧ ಮಗ್ಗಕ್ಕೇ ಹೋಗಿದೆ, ಹಾಗಾಗಿ ಅವರೂ ಕೂಗಬೇಕು, ನಾನೂ ಕೂಗಬೇಕು.

"ಲೇ ತಮ್ಮಾ, ಇದಕ್ಕ ರೊಕ್ಕಾ ಕೊಟ್ಟು ಹೋಗಿದ್ದೇನು?"

"ಹೌದಪ್ಪಾ."

"ಇದು ಒಂದ ಮಗ್ಗ ಆತು. ನಮ್ಮ ಖಾತೇದಾಗ ಸಾಲ ಸಾಲ ಇದ್ವು. ನಮಗ ಉಲ್ಟಾ ಪಗಾರ ಕೊಡತಿದ್ರು!"

ನಕ್ಕು ನಕ್ಕು ಸಾಕಾಯಿತು. ಆಮೇಲೆ ಆ ಕಲಾಕೇಂದ್ರದ 'ಶತಮಾನದ ಅಟ್ಟ'ದ ಬಗ್ಗೆ ಹೇಳಿದೆ. 1999ರ ಕೊನೆಗೆ ಊರ ಜನ ತಮಗೆ ಬೇಕಾದ ಒಂದೊಂದು ವಸ್ತು ತಂದುಕೊಟ್ಟರು. 11 ಸಾವಿರಕ್ಕೂ ಜಾಸ್ತಿ. ಅವನ್ನೆಲ್ಲ ಭದ್ರವಾಗಿ ಮುಚ್ಚಿ ಕಟ್ಟಡದ ಗೋಡೆಯೊಳಗೇ ಇಟ್ಟಿದ್ದಾರೆ. ತೆರೆಯುವುದು 2100ರ ಜನವರಿ 1ಕ್ಕೆ. ಇಟ್ಟವರಲ್ಲಿ ಬಹಳಷ್ಟು ಜನ ಅಷ್ಟೊತ್ತಿಗೆ ಇರುವುದಿಲ್ಲ, ಅಲ್ವಾ?

"ನೀನಾದ್ರ ಏನ್ ಇಡ್ತಿದ್ದಿ ಅಪ್ಪಾ?"

ಸ್ವಲ್ಪ ಹೊತ್ತು ಮಾತಿಲ್ಲ. "ಬಿಲ್ಲೆ," ಅಂದರು. ಗೇಟಿನಲ್ಲಿ ತೋರಿಸುತ್ತಿದ್ದ ನಂಬರಿನ ಹಿತ್ತಾಳೆ ಬಿಲ್ಲೆ. ಚಿಕ್ಕಂದಿನಲ್ಲಿ ನಾನು ಅದನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸಿ ಬೈಸಿಕೊಂಡಿದ್ದೆ. ಅಂಚು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು.

"ಟ್ರಂಕಿನ್ಯಾಗ ಐತಿ, ಹುಡುಕಿಡ್ತೀನಿ."

ಹಿಂದಿನಿಂದ ಅವ್ವನ ದನಿ ಬಂತು. "ಅದೆಲ್ಲೈತಿ? ಹಳೇ ಹಿತ್ತಾಳಿ ಸಾಮಾನ ಎಲ್ಲಾ ಹೋದ ದೀಪಾವಳಿಗೇ ಮೋಡಕಾದಾಂವಗ ಕೊಟ್ಟೇನಿ."

ಅಪ್ಪನಿಗೆ ಅದು ಕೇಳಿಸಲಿಲ್ಲ. ಅವ್ವನ ಫೋನಿನಲ್ಲಿ ಆ ಕಟಕಟ ಸಪ್ಪಳವನ್ನು ಮತ್ತೊಮ್ಮೆ ಹಚ್ಚಿ ಕಿವಿಗೆ ಹಿಡಿದುಕೊಂಡಿದ್ದರು.