ಹಳೇ ಜಾಮ್ ಚಮಚಗಳು: ಮೂರನೇ ವಾರ

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಜನ ಹಳೇ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿಟ್ಟು ಮಾರುವ ಕಾರ್ ಬೂಟ್ ಸೇಲಿನಲ್ಲಿ ಕೊಂಡ ಮೂರು ಜಾಮ್ ಚಮಚಗಳಲ್ಲಿ ಎರಡರ ಕಪ್ಪು ತೆಗೆಯುವ ಕೆಲಸ ಮುಗಿಯಿತು.

ಇವು ಊಟದ ಚಮಚದ ಹಾಗಲ್ಲ. ಹಿಡಿ ಗಿಡ್ಡ, ಬಾಯಿ ಅಗಲ, ಪುಟ್ಟ ಸಲಿಕೆಯ ಹಾಗೆ. ಒಂದರ ಹಿಡಿಯ ಹಿಂದೆ ಕೊಕ್ಕೆಯಿದೆ. ಚಮಚ ಜಾಮಿನೊಳಗೆ ಜಾರಿ ಬೀಳದೆ ಬಾಟಲಿಯ ಅಂಚಿಗೆ ನಿಲ್ಲಲಿ ಅಂತ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ!

ಹಿಡಿಯ ಹಿಂದೆ ಸಾಲಾಗಿ ಚೌಕದ ಮುದ್ರೆಗಳಿದ್ದವು. ಅಪ್ಪಟ ಬೆಳ್ಳಿ ಅಂದುಕೊಂಡಿದ್ದೆ. ಭೂತಗನ್ನಡಿ ಹಿಡಿದಾಗ ಕಂಡದ್ದು ಇ, ಪಿ, ಎನ್, ಎಸ್ (ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್). ಇಂಗ್ಲೆಂಡಿನ ಅಪ್ಪಟ ಬೆಳ್ಳಿಗೆ ಹಾಕುವ ಸಿಂಹದ ಮುದ್ರೆ ಇರಲಿಲ್ಲ. ಅಂದರೆ ಒಳಗೆ ತಾಮ್ರ, ಸತು, ನಿಕಲ್ ಬೆರೆಸಿದ ಲೋಹ. ಅದರ ಮೇಲೆ ಕರೆಂಟ್ ಹಾಯಿಸಿ ಕೂರಿಸಿದ ತೆಳು ಬೆಳ್ಳಿ. ಈ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ಪೇಟೆಂಟ್ ಪಡೆದರು.

ಮೊದಲನೇ ಚಮಚದಲ್ಲಿ ತಪ್ಪು ಮಾಡಿದೆ. ಊರಿನಲ್ಲಿ ಅಮ್ಮ ದೇವರ ಬೆಳ್ಳಿ ಸಾಮಾನನ್ನು ವಿಭೂತಿ ಹಾಕಿ ಉಜ್ಜುತ್ತಿದ್ದರು. ನಾನೂ ಹಾಗೇ ಉಜ್ಜಿದೆ. ಗಟ್ಟಿ ಬೆಳ್ಳಿ ಅದನ್ನು ತಾಳುತ್ತದೆ, ಈ ಲೇಪ ತಾಳುವುದಿಲ್ಲ. ಅಂಚಿನಲ್ಲಿ ಒಳಗಿನ ಲೋಹದ ಹಳದಿ ಬಣ್ಣ ಇಣುಕಿತು. ಮನಸ್ಸಿಗೆ ತುಂಬಾ ಬೇಜಾರಾಯಿತು.

ಎರಡನೆಯದಕ್ಕೆ ಗಾಜಿನ ಬಟ್ಟಲಿನ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ ಉದುರಿಸಿ, ಕುದಿಯುವ ನೀರು ಸುರಿದೆ. ಚಮಚ ಫಾಯಿಲಿಗೆ ತಾಗುವಂತೆ ಇಟ್ಟೆ. ಸಣ್ಣ ಗುಳ್ಳೆ ಎದ್ದವು, ಕೊಳೆತ ಮೊಟ್ಟೆಯ ವಾಸನೆ ಬಂತು. ಬೆಳ್ಳಿಗೆ ಅಂಟಿದ್ದ ಗಂಧಕವನ್ನು ಅಲ್ಯುಮಿನಿಯಂ ಎಳೆದುಕೊಳ್ಳುತ್ತದೆ, ಕಪ್ಪಾಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ. ಉಜ್ಜಿ ಸವೆಸುವ ಮಾತೇ ಇಲ್ಲ. ಎರಡೇ ನಿಮಿಷದಲ್ಲಿ ಹೂಬಳ್ಳಿಯ ಕೆತ್ತನೆ ತೇಲಿಬಂತು. ಗೆರೆಗಳ ಸಂದಿಯಲ್ಲಿ ಮಾತ್ರ ಸ್ವಲ್ಪ ಕಪ್ಪು ಉಳಿಸಿದ್ದೇನೆ, ಅದಿಲ್ಲದಿದ್ದರೆ ಕೆತ್ತನೆ ಕಾಣುವುದೇ ಇಲ್ಲ.

ಈ ಚಮಚದ ತುದಿ ಎಡಗಡೆ ಮಾತ್ರ ಸವೆದಿದೆ. ಬಲಗೈಯವರು ಯಾರೋ ವರ್ಷಗಟ್ಟಲೆ ಬಾಟಲಿಯ ತಳ ಕೆರೆದಿದ್ದಾರೆ. ಹೊಸದಾಗಿ ಬೆಳ್ಳಿ ಹಾಕಿಸು ಅಂತ ಗೆಳೆಯರು ಹೇಳಿದರು. ನಾನು ಹಾಕಿಸುವುದಿಲ್ಲ. ಆ ಸವಕಲೇ ನನಗೆ ಜಾಸ್ತಿ ಇಷ್ಟ.

ಮೂರನೆಯದಕ್ಕೆ ಮುತ್ತಿನ ಚಿಪ್ಪಿನ ಹಿಡಿ. ಬಿಸಿನೀರಿಗೆ ಹಾಕಿದರೆ ಹಿಡಿಯೊಳಗಿನ ಅಂಟು ಬಿಡುತ್ತದೆ. ಭಾನುವಾರ ಮೆತ್ತನೆ ಬಟ್ಟೆಯಲ್ಲಿ ಬಾಯಿಯ ಭಾಗವನ್ನಷ್ಟೇ ಒರೆಸಿ ನೋಡುತ್ತೇನೆ.